ಕಾರ್ಬನ್ ಫೈಬರ್ ಪಿಕಲ್‌ಬಾಲ್ ಪ್ಯಾಡಲ್

ಪಿಕಲ್‌ಬಾಲ್ ಆಟದ ಬ್ಯಾಟಿಗೆ ಪ್ಯಾಡಲ್ ಎಂದು ಹೆಸರು. ಅದರ ಎರಡೂ ಮುಖಗಳಿಗೆ ಇಂಗಾಲದ ಎಳೆಗಳ ತೆಳು ಹಾಳೆ ಹೊದಿಸಿದ್ದರೆ ಅದು ಕಾರ್ಬನ್ ಫೈಬರ್ ಪ್ಯಾಡಲ್. ಟೆನಿಸ್ ರ‍್ಯಾಕೆಟ್ಟಿನಂತೆ ಇದಕ್ಕೆ ತಂತಿಯಿಲ್ಲ, ಟೇಬಲ್ ಟೆನಿಸ್ ಬ್ಯಾಟಿನಂತೆ ರಬ್ಬರಿಲ್ಲ. ತೂತುಗಳಿರುವ ಗಟ್ಟಿ ಪ್ಲಾಸ್ಟಿಕ್ ಚೆಂಡು ಬಂದು ಬಡಿಯುವುದು ನೇರವಾಗಿ ಗಟ್ಟಿ ಮುಖಕ್ಕೇ. ಆ ಮುಖದ ಹಾಳೆ ಒಂದು ಮಿಲಿಮೀಟರಿಗಿಂತ ತೆಳ್ಳಗಿರುತ್ತದೆ. ಪ್ಯಾಡಲ್ಲಿನ ದಪ್ಪದಲ್ಲಿ ಉಳಿದದ್ದೆಲ್ಲ ಒಳಗಿನ ತಿರುಳು. ಅಂಗಡಿಯಲ್ಲಿ ಹೆಸರು ಕಾರ್ಬನ್ನಿಗೆ ಸಿಗುತ್ತದೆ, ಆದರೆ ಆಡುವ ಕೈಗೆ ಗೊತ್ತಾಗುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ತಿರುಳಿನದು, ಅಂಚಿನದು, ತೂಕ ಎಲ್ಲಿ ಕೂತಿದೆ ಎಂಬುದರದು. ಪ್ಯಾಡಲ್ ಕೊಳ್ಳಲು ಹೊರಟವರು ಮೊದಲು ತಿಳಿಯಬೇಕಾದ ಸಂಗತಿ ಇದು.

ಪ್ಲೈವುಡ್‌ನಿಂದ ಕಾರ್ಬನ್ನಿಗೆ

1965ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಎಂಬ ಗೆಳೆಯರು ಮನೆಮಂದಿಯ ಬೇಸರ ಕಳೆಯಲು ಈ ಆಟ ಹೂಡಿದರು. ಅಂಗಳದಲ್ಲಿದ್ದದ್ದು ಹಳೆಯ ಬ್ಯಾಡ್ಮಿಂಟನ್ ಅಂಕಣ. ಕೈಗೆ ಸಿಕ್ಕಿದ್ದು ಟೇಬಲ್ ಟೆನಿಸ್ ಬ್ಯಾಟು ಮತ್ತು ತೂತಿನ ಪ್ಲಾಸ್ಟಿಕ್ ಚೆಂಡು. ಇನ್ನೊಬ್ಬ ಗೆಳೆಯ ಬಾರ್ನಿ ಮೆಕಲಮ್ ಪ್ಲೈವುಡ್ ಕೊಯ್ದು ಇನ್ನಷ್ಟು ದೊಡ್ಡ, ಗಟ್ಟಿಯಾದ ಬ್ಯಾಟುಗಳನ್ನು ಮಾಡಿಕೊಟ್ಟರು. ಮುಂದಿನ ಎರಡು ದಶಕ ಪಿಕಲ್‌ಬಾಲ್ ಮರದ ಬ್ಯಾಟಿನಲ್ಲೇ ನಡೆಯಿತು.

ಮರ ಭಾರ. ಆಟಗಾರನೊಬ್ಬನಿಗೆ ಹಗುರವಾದ ಬ್ಯಾಟು ಬೇಕಿತ್ತು. ಅವನ ಅಪ್ಪ ಆರ್ಲೆನ್ ಪರಾಂಟೊ ಬೋಯಿಂಗ್ ಕಂಪನಿಯಲ್ಲಿ ಎಂಜಿನಿಯರು. ವಿಮಾನದ ನೆಲಕ್ಕೆ ಹಾಸುತ್ತಿದ್ದ ಹಲಗೆಯನ್ನು ಅವರು ಪ್ಯಾಡಲ್ಲಿನ ಆಕಾರಕ್ಕೆ ಕತ್ತರಿಸಿದರು: ನಡುವೆ ನೊಮೆಕ್ಸ್ ಎಂಬ ಕೃತಕ ವಸ್ತುವಿನ ಜೇನುಗೂಡಿನಂಥ ತಿರುಳು, ಎರಡೂ ಕಡೆ ಫೈಬರ್‌ಗ್ಲಾಸ್ ಹಾಳೆ. ಅದು 1984. ಅಮೆರಿಕದಲ್ಲಿ ಈ ಆಟಕ್ಕೊಂದು ರಾಷ್ಟ್ರೀಯ ಸಂಘ ಹುಟ್ಟಿದ್ದೂ ಅದೇ ವರ್ಷ. ಇಂದಿನ ಅತಿ ದುಬಾರಿ ಪ್ಯಾಡಲ್ ಕೂಡ ಮೂಲದಲ್ಲಿ ಅದೇ ವಿಮಾನದ ಹಲಗೆ. ತೆಳುವಾದ ಎರಡು ಗಟ್ಟಿ ಹಾಳೆಗಳನ್ನು ನಡುವೆ ಟೊಳ್ಳು ತಿರುಳಿಟ್ಟು ದೂರ ನಿಲ್ಲಿಸಿದರೆ, ತೂಕ ಹೆಚ್ಚೇನೂ ಏರದೆ ಬಿಗುವು ಹಲವು ಪಟ್ಟು ಹೆಚ್ಚುತ್ತದೆ ಎಂಬ ಒಂದೇ ತತ್ವ ಎರಡರಲ್ಲೂ ಕೆಲಸ ಮಾಡುತ್ತದೆ.

ಇಂಗಾಲದ ಎಳೆಯ ಕಥೆ ಬೇರೆ ದಾರಿಯಲ್ಲಿ ಬಂತು. ಜಪಾನಿನ ಅಕಿಯೊ ಶಿಂಡೊ 1961ರಲ್ಲಿ ಪಾಲಿಅಕ್ರಿಲೊನೈಟ್ರೈಲ್ ಎಂಬ ಕೃತಕ ನೂಲನ್ನು ಹದವಾಗಿ ಕಾಯಿಸಿ ಇಂಗಾಲದ ಎಳೆ ತೆಗೆಯುವ ವಿಧಾನ ಕಂಡುಕೊಂಡರು. ಟೋರೆ ಕಂಪನಿ 1971ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಇಂದು ಪ್ಯಾಡಲ್‌ಗಳ ಮೇಲೆ ಹೆಮ್ಮೆಯಿಂದ ಅಚ್ಚಾಗುವ ‘ಟಿ700’ ಅದೇ ಕಂಪನಿಯ ಒಂದು ದರ್ಜೆಯ ಎಳೆ. ಒಂದೊಂದು ಎಳೆಯ ವ್ಯಾಸ ಸುಮಾರು 7 ಮೈಕ್ರೋಮೀಟರ್, ಅಂದರೆ ತಲೆಗೂದಲಿನ ಹತ್ತರಲ್ಲೊಂದು ಪಾಲು. ಇದೇ ಕುಲದ ವಸ್ತುವಿನ ಜೊತೆ ಬೆಂಗಳೂರಿಗೆ ಹಳೆಯ ನಂಟಿದೆ. ಇಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇಕಡಾ 45ರಷ್ಟು ಕಾರ್ಬನ್ ಕಾಂಪೊಸಿಟ್ಟಿನದೇ, ಮತ್ತು ಆ ಕೆಲಸದಲ್ಲಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಪಾಲು ದೊಡ್ಡದು.

ಒಳಗಿನ ರಚನೆ

ಪ್ಯಾಡಲ್ ಒಂದನ್ನು ಅಡ್ಡ ಕೊಯ್ದು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಷಟ್ಕೋನದ ಕೋಣೆಗಳು, ಸಾಲು ಸಾಲಾಗಿ, ಥೇಟ್ ಜೇನುಹಟ್ಟಿಯಂತೆ. ಒಂದೊಂದು ಕೋಣೆ ಸಾಮಾನ್ಯವಾಗಿ 8 ಮಿಲಿಮೀಟರ್ ಅಗಲ. ಮೊದಲಿನ ನೊಮೆಕ್ಸ್ ತಿರುಳು ಗಟ್ಟಿ. ಚೆಂಡು ಚಿಮ್ಮುವುದೂ ಹೆಚ್ಚು, ಸದ್ದೂ ಹೆಚ್ಚು. ಪಾಲಿಪ್ರೊಪಿಲೀನ್ ಮೆತ್ತಗಿದ್ದು ಪೆಟ್ಟನ್ನು ನುಂಗಿಕೊಳ್ಳುವುದರಿಂದ ಅದೇ ನೆಲೆನಿಂತಿತು. ಇತ್ತೀಚೆಗೆ ಜೇನುಗೂಡಿನ ಬದಲು ಪೂರ್ತಿ ಫೋಮ್ ತುಂಬಿದ ಪ್ಯಾಡಲ್‌ಗಳೂ ಬಂದಿವೆ.

ತಿರುಳಿನ ಮೇಲೆ ಕಾರ್ಬನ್ ಹಾಳೆಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸುತ್ತಾರೆ. ಎಳೆಗಳೆಲ್ಲ ಒಂದೇ ದಿಕ್ಕಿಗಿರುವ ಹಾಳೆಗಳನ್ನು ಒಂದರ ಮೇಲೊಂದು ದಿಕ್ಕು ಬದಲಿಸಿ ಹಾಸುವುದು ಒಂದು ಕ್ರಮ. ಬಟ್ಟೆಯಂತೆ ಹಾಸುಹೊಕ್ಕಾಗಿ ನೇಯ್ದ ಹಾಳೆ ಬಳಸುವುದು ಇನ್ನೊಂದು. ‘3ಕೆ’ ಎಂದರೆ ಒಂದು ನೂಲಿನಲ್ಲಿ 3000 ಎಳೆ. ‘18ಕೆ’ ಎಂದರೆ 18,000. ಇದು ನೇಯ್ಗೆಯ ಲೆಕ್ಕ. ಅಂಕಿ ದೊಡ್ಡದಾದಷ್ಟೂ ಪ್ಯಾಡಲ್ ಉತ್ತಮ ಎಂದು ಇದರಿಂದ ತಿಳಿಯಬಾರದು.

ಫೈಬರ್‌ಗ್ಲಾಸ್ ಮುಖ ಪೆಟ್ಟಿಗೆ ಸ್ವಲ್ಪ ಬಾಗಿ, ಮರಳಿ ನೆಟ್ಟಗಾಗಿ ಚೆಂಡನ್ನು ದೂಡುತ್ತದೆ. ಕಾರ್ಬನ್ ಬಿಗಿ, ಕಡಿಮೆ ಬಾಗುತ್ತದೆ, ಪೆಟ್ಟನ್ನು ಮುಖದ ಉದ್ದಗಲಕ್ಕೂ ಹಂಚುತ್ತದೆ. ಆದ್ದರಿಂದ ಫೈಬರ್‌ಗ್ಲಾಸ್‌ನಲ್ಲಿ ಚಿಮ್ಮು, ಕಾರ್ಬನ್ನಿನಲ್ಲಿ ಹಿಡಿತ ಎಂಬ ಮಾತು ಚಾಲ್ತಿಗೆ ಬಂತು. ಒಟ್ಟಿನಲ್ಲಿ ಅದು ನಿಜ. ಆದರೆ ತೆಳು ತಿರುಳಿನ ಕಾರ್ಬನ್ ಪ್ಯಾಡಲ್ಲೊಂದು ದಪ್ಪ ತಿರುಳಿನ ಫೈಬರ್‌ಗ್ಲಾಸ್ ಪ್ಯಾಡಲ್ಲಿಗಿಂತ ಜೋರಾಗಿ ಚಿಮ್ಮಬಲ್ಲದು.

‘ರಾ ಕಾರ್ಬನ್’ ಎಂಬ ಮಾತನ್ನು ಬಿಡಿಸಿ ನೋಡಬೇಕು. ಬಣ್ಣ, ವಾರ್ನಿಷ್ ಯಾವುದೂ ಇಲ್ಲದ ಬರಿಮುಖ ಎಂಬುದು ಅದರ ಅರ್ಥ. ತಯಾರಿಯಲ್ಲಿ ಹಾಳೆಯ ಮೇಲೊಂದು ಒರಟು ನೇಯ್ಗೆಯ ಬಟ್ಟೆಯನ್ನು ಒತ್ತಿಟ್ಟು, ಎಪಾಕ್ಸಿ ಗಟ್ಟಿಯಾದ ಮೇಲೆ ಸಿಪ್ಪೆ ಸುಲಿದಂತೆ ಕಿತ್ತು ತೆಗೆಯುತ್ತಾರೆ. ಬಟ್ಟೆಯ ನೇಯ್ಗೆ ಅಂಟಿನ ಮೇಲೆ ಅಚ್ಚೊತ್ತಿ ಉಳಿಯುತ್ತದೆ. ಹೊಸ ಪ್ಯಾಡಲ್ಲಿನ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡ ಎಳೆದರೆ ‘ಜರ್’ ಎನ್ನುವ ಸಣ್ಣ ಸದ್ದು ಬರುತ್ತದಲ್ಲ, ಉಗುರಿಗೆ ತಾಗುತ್ತಿರುವುದು ಆ ಅಂಟಿನ ಏಣುಗಳು. ಚೆಂಡಿಗೆ ತಿರುಗು ಕೊಡುವುದೂ ಅವೇ. ಇಂಗಾಲದ ಎಳೆ ಅವುಗಳ ಕೆಳಗೆ ಮಲಗಿರುತ್ತದೆ. ಏಣು ಸವೆದಂತೆ ತಿರುಗೂ ಇಳಿಯುತ್ತದೆ ಎಂಬುದನ್ನು ಇಲ್ಲೇ ನೆನಪಿಟ್ಟುಕೊಳ್ಳಬೇಕು.

2022ರ ಸುಮಾರಿಗೆ ‘ಥರ್ಮೋಫಾರ್ಮ್’ ಪ್ಯಾಡಲ್‌ಗಳು ಜನಪ್ರಿಯವಾದವು. ಮುಖ, ಹಿಡಿ, ಅಂಚು ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಕಾಯಿಸಿ ಒತ್ತಿ, ಅಂಚಿನ ಸುತ್ತ ಫೋಮ್ ತುಂಬುವ ವಿಧಾನ ಅದು. ಅಂಚು ಗಟ್ಟಿಯಾಗಿ, ನಡುವಿನಿಂದ ತುಸು ಆಚೀಚೆ ತಾಗಿದ ಪೆಟ್ಟೂ ಸಾಯದೆ ಹೋಗುತ್ತದೆ. ಕುಂದೆಂದರೆ ಶಾಖ, ಒತ್ತಡ ಹದ ತಪ್ಪಿದರೆ ಒಳಗಿನ ಕೋಣೆಗಳು ಜಜ್ಜಿಹೋಗುತ್ತವೆ, ಇಲ್ಲವೇ ಮುಖದ ಹಾಳೆ ತಿರುಳಿನಿಂದ ಬಿಟ್ಟುಕೊಳ್ಳುತ್ತದೆ.

ನಿಯಮ

ಪ್ಯಾಡಲ್ಲಿನ ಉದ್ದ 17 ಇಂಚು ಮೀರಬಾರದು. ಉದ್ದ ಮತ್ತು ಅಗಲ ಕೂಡಿಸಿದರೆ 24 ಇಂಚು ಮೀರಬಾರದು. ದಪ್ಪಕ್ಕೂ ತೂಕಕ್ಕೂ ಮಿತಿಯಿಲ್ಲ. ಮುಖದ ಒರಟುತನಕ್ಕೆ ಮಾತ್ರ ಬಿಗಿಯಾದ ಲೆಕ್ಕವಿದೆ: ಏರಿಳಿತದ ಸರಾಸರಿ 30 ಮೈಕ್ರೋಮೀಟರ್, ಅತಿ ಹೆಚ್ಚೆಂದರೆ 40. ಮರಳು ಕಾಗದ ಉಜ್ಜಿ ಒರಟು ಮಾಡಿಕೊಳ್ಳುವುದು ನಿಷಿದ್ಧ.

ಚಿಮ್ಮುವಿಕೆಯ ನಿಯಮ ಬಂದದ್ದು ತಂಟೆಯ ಬೆನ್ನಿಗೆ. ಹಾಳೆ ಬಿಟ್ಟುಕೊಂಡ ಪ್ಯಾಡಲ್ ಹಾಳಾದಂತೆ ಕಂಡರೂ, ಸಡಿಲವಾದ ಮುಖ ಟ್ರ್ಯಾಂಪೊಲೀನಿನಂತೆ ಚೆಂಡನ್ನು ಎಸೆಯುತ್ತದೆ. ಹದಿನಾಲ್ಕು ಅಡಿ ಆಚೆ ನಿಂತ ಎದುರಾಳಿಯ ಕಣ್ಣಿಗೆ, ಮುಖಕ್ಕೆ ಅದು ಅಪಾಯ. 2023ರಲ್ಲಿ ವೃತ್ತಿಪರ ಪಂದ್ಯಗಳಲ್ಲಿ ಇದೇ ದೊಡ್ಡ ಚರ್ಚೆಯಾಯಿತು. ಮರುವರ್ಷ, 2024ರ ಮೇ ತಿಂಗಳಲ್ಲಿ, ಅಮೆರಿಕದ ರಾಷ್ಟ್ರೀಯ ಸಂಘವಾದ ಯುಎಸ್‌ಎ ಪಿಕಲ್‌ಬಾಲ್ ಜೂಲಾ ಕಂಪನಿಯ ಹೊಸ ಪೀಳಿಗೆಯ ಪ್ಯಾಡಲ್‌ಗಳನ್ನು ಮಾನ್ಯತೆಯ ಪಟ್ಟಿಯಿಂದ ಕೈಬಿಟ್ಟಿತು. ವಿಷಯ ನ್ಯಾಯಾಲಯ ಹತ್ತಿತು. ಅದೇ ವರ್ಷದ ಕೊನೆಗೆ ‘ಪಿಬಿಕೋರ್’ ಪರೀಕ್ಷೆ ಜಾರಿಗೆ ಬಂತು: ಯಂತ್ರದಿಂದ ಚೆಂಡನ್ನು ಪ್ಯಾಡಲ್ಲಿಗೆ ಹಾರಿಸಿ, ಬಂದ ವೇಗಕ್ಕೂ ಮರಳಿದ ವೇಗಕ್ಕೂ ಇರುವ ಪ್ರಮಾಣ ಅಳೆಯುವುದು. ಟೂರ್ನಿಯಲ್ಲಿ ಆಡುವ ಉದ್ದೇಶವಿದ್ದರೆ ಕೊಳ್ಳುವ ಮುನ್ನ ಆ ಮಾದರಿ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ನೋಡಲೇಬೇಕು.

ಆಯ್ಕೆ

ಮೊದಲು ನೋಡಬೇಕಾದ ಅಂಕಿ ತಿರುಳಿನ ದಪ್ಪ. 16 ಮಿಲಿಮೀಟರ್, 14 ಮಿಲಿಮೀಟರ್ ಎರಡೂ ಹೇರಳವಾಗಿ ಸಿಗುತ್ತವೆ. ಅದಕ್ಕಿಂತ ತೆಳ್ಳನೆಯವೂ ಇವೆ. ಒಂದೇ ಕಂಪನಿಯ ಒಂದೇ ಮಾದರಿಯ 14 ಮತ್ತು 16ನ್ನು ಹತ್ತು ಹತ್ತು ನಿಮಿಷ ಆಡಿ ನೋಡಿದರೆ ವಿವರಣೆಯೇ ಬೇಡ. 16ರಲ್ಲಿ ಚೆಂಡು ಒಂದು ಕ್ಷಣ ಕೂತು ಎದ್ದಂತೆ ಅನಿಸುತ್ತದೆ. 14ರಲ್ಲಿ ತಾಗಿದ್ದೇ ಹೊರಟುಬಿಡುತ್ತದೆ. ಆಟ ಕಲಿಯುತ್ತಿರುವವರಿಗೂ, ಜೋಡಿ ಆಟದಲ್ಲಿ ನೆಟ್ಟಿನ ಬಳಿ ತಾಳ್ಮೆಯಿಂದ ಆಡುವವರಿಗೂ 16 ಒಳ್ಳೆಯದು. ಹೊಡೆತದ ವೇಗವೇ ಬಂಡವಾಳವಾಗಿದ್ದು, ಮೃದು ಹೊಡೆತ ಈಗಾಗಲೇ ಕೈಗೆ ಹತ್ತಿರುವವರಿಗೆ 14 ಆದೀತು. ಹೊಸಬರು ವೃತ್ತಿಪರರ ಹೆಸರು ಹೊತ್ತ, 200 ಡಾಲರ್ ದಾಟಿದ ಪ್ಯಾಡಲ್ ಕೊಂಡು ಆರು ತಿಂಗಳು ಚೆಂಡನ್ನು ಗೆರೆಯಾಚೆ ಕಳಿಸುತ್ತ ಕೂರುವುದಕ್ಕಿಂತ, ಸಾಧಾರಣ ಬೆಲೆಯ 16 ಮಿಲಿಮೀಟರಿನದನ್ನು ಹಿಡಿಯುವುದು ಮೇಲು.

ಆಕಾರದಲ್ಲಿ ಮುಖ್ಯವಾಗಿ ಎರಡು ಬಗೆ. ಸುಮಾರು 16 ಇಂಚು ಉದ್ದ, 8 ಇಂಚು ಅಗಲದ ಅಗಲಮುಖದ್ದು, ಸುಮಾರು 16.5 ಇಂಚು ಉದ್ದ, 7.5 ಇಂಚು ಅಗಲದ ನೀಳ ಪ್ಯಾಡಲ್. ನೀಳವಾದದ್ದರಲ್ಲಿ ಕೈ ದೂರ ಚಾಚುತ್ತದೆ, ಹೊಡೆತಕ್ಕೆ ಬೀಸು ಬರುತ್ತದೆ. ಆದರೆ ಚೆಂಡು ನಡುವಿಗೆ ತಾಗದಿದ್ದರೆ ಪ್ಯಾಡಲ್ ಕೈಯಲ್ಲೇ ಹೊರಳುತ್ತದೆ. ಅಗಲಮುಖ ಅಷ್ಟು ಬೇಗ ಹೊರಳದು. ಇವೆರಡರ ನಡುವಿನ ‘ಹೈಬ್ರಿಡ್’ ಆಕಾರವೂ ಇದೆ.

ತೂಕ ಸಾಮಾನ್ಯವಾಗಿ 210ರಿಂದ 240 ಗ್ರಾಂ. ತಕ್ಕಡಿಯ ಅಂಕಿಗಿಂತ ಬೀಸುವಾಗ ಎಷ್ಟು ಭಾರ ಅನಿಸುತ್ತದೆ ಎಂಬುದು ದೊಡ್ಡದು. ಇದಕ್ಕೆ ಆಟಗಾರರು ‘ಸ್ವಿಂಗ್ ವೇಟ್’ ಎನ್ನುತ್ತಾರೆ. ಒಂದೇ 225 ಗ್ರಾಂನ ಎರಡು ಪ್ಯಾಡಲ್‌ಗಳಲ್ಲಿ ಒಂದರ ಭಾರ ತಲೆಯ ಕಡೆ, ಇನ್ನೊಂದರದ್ದು ಹಿಡಿಯ ಕಡೆ ಇದ್ದರೆ ಕೈಗೆ ಅವು ಬೇರೆ ಬೇರೆ ವಸ್ತುಗಳೇ. ಕರ್ನಾಟಕದಲ್ಲಿ ಈ ಆಟಕ್ಕೆ ಬರುವ ಬಹಳ ಮಂದಿ ಶಟಲ್ ಆಡಿದವರು. ಅವರು ಈ ಜಾಗದಲ್ಲಿ ಎಚ್ಚರವಾಗಿರಬೇಕು. ಶಟಲ್ ರ‍್ಯಾಕೆಟ್ಟಿನ ತೂಕ 90 ಗ್ರಾಂ ಮುಟ್ಟುವುದೂ ಕಷ್ಟ. ಆ ಅಭ್ಯಾಸದಲ್ಲಿ ಮಣಿಕಟ್ಟನ್ನು ಝಳಪಿಸಿ ಪ್ಯಾಡಲ್ ಬೀಸಿದರೆ ವಾರದೊಳಗೆ ಮುಂಗೈ ನೋಯತೊಡಗುತ್ತದೆ. ಹೊಡೆತ ಹೆಗಲಿನಿಂದ ಬರಬೇಕು. ತಲೆಭಾರ ಕಡಿಮೆಯಿರುವ ಪ್ಯಾಡಲ್ ಅವರಿಗೆ ಹೊಂದುತ್ತದೆ. ಹಾಗೆಂದು ತೀರ ಹಗುರವಾದದ್ದನ್ನು ಹುಡುಕುವುದೂ ತಪ್ಪು: ಚೆಂಡಿನ ಪೆಟ್ಟನ್ನು ಪ್ಯಾಡಲ್ ಹೊರದಿದ್ದರೆ ಮೊಣಕೈ ಹೊರಬೇಕಾಗುತ್ತದೆ.

ಹಿಡಿಯ ಸುತ್ತಳತೆ 4ರಿಂದ 4.5 ಇಂಚು. ನೋಡುವ ಬಗೆ ಸುಲಭ. ಪ್ಯಾಡಲ್ಲನ್ನು ಆಡುವಂತೆ ಹಿಡಿಯಿರಿ. ಬೆರಳ ತುದಿಗಳಿಗೂ ಅಂಗೈಯ ದಿಬ್ಬಕ್ಕೂ ನಡುವೆ ಇನ್ನೊಂದು ಕೈಯ ತೋರುಬೆರಳು ಒತ್ತಡವಿಲ್ಲದೆ ಕೂತರೆ ಅಳತೆ ಸರಿ. ಅನುಮಾನವಿದ್ದರೆ ಸಣ್ಣದನ್ನೇ ಕೊಳ್ಳಿ. ಮೇಲೊಂದು ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ದಪ್ಪವಿದ್ದದ್ದನ್ನು ಸಣ್ಣ ಮಾಡಲಾಗದು. ಎರಡು ಕೈಯ ಬ್ಯಾಕ್‌ಹ್ಯಾಂಡ್ ಆಡುವವರು ಐದೂವರೆ ಇಂಚಿನ ಹಿಡಿ ನೋಡಬೇಕು. ಐದು ಇಂಚಿನದರಲ್ಲಿ ಎರಡನೆಯ ಕೈಯ ಬೆರಳುಗಳಿಗೆ ಜಾಗ ಸಾಲದು.

‘ಟಿ700’ ಎಂಬ ಅಚ್ಚನ್ನು ಕಣ್ಣಿನಿಂದ ಪರೀಕ್ಷಿಸಲು ಬರುವುದಿಲ್ಲ. ಪರೀಕ್ಷಿಸಬಹುದಾದದ್ದು ಸದ್ದು. ಹಿಡಿಯನ್ನು ಎರಡು ಬೆರಳಿನಲ್ಲಿ ಸಡಿಲವಾಗಿ ಎತ್ತಿಹಿಡಿದು, ಇನ್ನೊಂದು ಕೈಯ ಗೆಣ್ಣಿನಿಂದ ಮುಖದ ಉದ್ದಕ್ಕೂ ಅಂಗುಲ ಅಂಗುಲಕ್ಕೆ ತಟ್ಟುತ್ತ ಬನ್ನಿ. ಹೊಲದಿಂದ ತಂದ ಹಲಸಿನಕಾಯಿ ತಟ್ಟಿ ನೋಡುವಷ್ಟೇ ಗಮನ ಸಾಕು. ಸದ್ದು ಎಲ್ಲೆಡೆ ಒಂದೇ ಸಮ ಇರಬೇಕು, ಅಂಚಿನ ಬಳಿ ಮಾತ್ರ ತುಸು ಏರಬಹುದು. ನಡುವೆ ಎಲ್ಲಾದರೂ ‘ಡಬ್’ ಎಂದು ಸತ್ತ ಸದ್ದು ಬಂದರೆ ಅಲ್ಲಿ ಅಂಟು ಹಿಡಿದಿಲ್ಲ, ಇಲ್ಲವೇ ತಿರುಳು ಜಜ್ಜಿದೆ. ಹೊಸದೇ ಆಗಿದ್ದರೂ ಅಂಥದ್ದನ್ನು ಕೊಳ್ಳಬಾರದು.

ಆಟದಲ್ಲಿ

ಅಂಕಣ 44 ಅಡಿ ಉದ್ದ, 20 ಅಡಿ ಅಗಲ. ಜೋಡಿ ಬ್ಯಾಡ್ಮಿಂಟನ್ ಅಂಕಣದಷ್ಟೇ. ನೆಟ್ಟು ಅಂಚಿನಲ್ಲಿ 36 ಇಂಚು, ನಡುವೆ 34. ನೆಟ್ಟಿನ ಎರಡೂ ಬದಿಗೆ 7 ಅಡಿಯ ಪಟ್ಟಿಗೆ ‘ಕಿಚನ್’ ಎನ್ನುತ್ತಾರೆ. ಅದರೊಳಗೆ ನಿಂತು ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಸರ್ವ್ ಒಮ್ಮೆ ಪುಟಿಯಬೇಕು, ಅದರ ಮರುಹೊಡೆತವೂ ಒಮ್ಮೆ ಪುಟಿಯಬೇಕು. ಪ್ಯಾಡಲ್ಲಿನ ಗುಣಾವಗುಣ ಬಯಲಾಗುವುದು ಈ ಎರಡು ನಿಯಮಗಳಿಂದಲೇ.

ಮೂರನೆಯ ಹೊಡೆತವನ್ನೇ ನೋಡಿ. ಸರ್ವ್ ಮಾಡಿದ ಜೋಡಿ ಮರುಹೊಡೆತ ಪುಟಿಯಲೆಂದು ಹಿಂಗೆರೆಯಲ್ಲೇ ಕಾದಿರುತ್ತದೆ. ಎದುರಾಳಿಗಳು ಅಷ್ಟರಲ್ಲಿ ಕಿಚನ್ ಗೆರೆಗೆ ಬಂದು ನಿಂತಿರುತ್ತಾರೆ. ಹಿಂದಿನವರು ಮುಂದೆ ಬರಬೇಕೆಂದರೆ 22 ಅಡಿ ದೂರದ ನೆಟ್ಟನ್ನು ದಾಟಿಸಿ, ಆಚೆಯ 7 ಅಡಿಯೊಳಗೆ ಚೆಂಡು ಸತ್ತು ಬೀಳುವಂತೆ ಹಾಕಬೇಕು. ಇದೇ ‘ಥರ್ಡ್ ಶಾಟ್ ಡ್ರಾಪ್’. ತುಸು ಎತ್ತರವಾದರೆ ಎದುರಾಳಿ ಕಾಲಬುಡಕ್ಕೆ ಬಡಿಯುತ್ತಾನೆ. ಇಲ್ಲಿ ಕಾರ್ಬನ್ ಮುಖದ ಒರಟುತನ ನೆರವಿಗೆ ಬರುತ್ತದೆ. ಮೊಣಕಾಲು ಬಗ್ಗಿಸಿ, ಪ್ಯಾಡಲ್ಲನ್ನು ಚೆಂಡಿಗಿಂತ ಕೆಳಗಿಳಿಸಿ, ಕೆಳಗಿನಿಂದ ಮೇಲಕ್ಕೆ ಸವರಿದಂತೆ ಎತ್ತಿದರೆ ಏಣುಗಳು ಚೆಂಡಿಗೆ ಮುಂದಿರುಗು (ಟಾಪ್‌ಸ್ಪಿನ್) ಕೊಡುತ್ತವೆ. ಚೆಂಡು ನೆಟ್ಟಿನ ಮೇಲೆ ನೆಮ್ಮದಿಯ ಎತ್ತರದಲ್ಲಿ ಹಾದು, ದಾಟಿದ ಮೇಲೆ ಮೂಗು ಕೆಳಗೆ ಮಾಡಿ ಇಳಿಯುತ್ತದೆ. ನುಣುಪು ಮುಖದಲ್ಲಿ ಇದೇ ಹೊಡೆತಕ್ಕೆ ಎತ್ತರ, ದೂರ ಎರಡನ್ನೂ ಕೂದಲೆಳೆಯಷ್ಟು ಅಳೆದು ಹಾಕಬೇಕಾಗುತ್ತದೆ.

ಆದರೂ ತಿರುಗು ಮುಖ್ಯವಾಗಿ ಬರುವುದು ಪ್ಯಾಡಲ್ ಬೀಸುವ ದಾರಿಯಿಂದ. ಪ್ಲಾಸ್ಟಿಕ್ ಚೆಂಡು ಟೇಬಲ್ ಟೆನಿಸ್ ರಬ್ಬರಿಗೆ ಕಚ್ಚಿಕೊಳ್ಳುವಂತೆ ಕಾರ್ಬನ್ನಿಗೆ ಕಚ್ಚಿಕೊಳ್ಳುವುದಿಲ್ಲ. ತಾಗಿರುವುದು ಕೆಲವೇ ಮಿಲಿಸೆಕೆಂಡು. ಪ್ಯಾಡಲ್ ಸವರುವ ದಾರಿ ಸರಿಯಿಲ್ಲದೆ ಬರಿ ಒರಟುತನದಿಂದ ಏನೂ ಸಿಗದು. ಕೈಯಲ್ಲೇ ಚೆಂಡನ್ನು ತಿರುಗಿಸಿ ಬಿಟ್ಟು ಸರ್ವ್ ಮಾಡುವ ಚಾಳಿ ಕೆಲಕಾಲ ನಡೆದಿತ್ತು. 2023ರ ನಿಯಮ ಅದನ್ನು ತಡೆದ ಮೇಲೆ ಸರ್ವ್‌ನಲ್ಲಿ ತಿರುಗಿಗೆ ಉಳಿದ ದಾರಿ ಪ್ಯಾಡಲ್ಲೊಂದೇ.

ಕಿಚನ್ ಗೆರೆಯಲ್ಲಿ ನಡೆಯುವ ಮೃದು ಆಟ ‘ಡಿಂಕ್’. ಇದರಲ್ಲಿ ಹಿಡಿತದ ಬಿಗಿಯೇ ವಿದ್ಯೆ. ಗಟ್ಟಿಯಾಗಿ ಹಿಸುಕಿ ಹಿಡಿಯುವುದು ಹತ್ತಾದರೆ, ಡಿಂಕ್‌ಗೆ ಮೂರು ನಾಲ್ಕು ಸಾಕು. ಎದುರಾಳಿ ಜೋರಾಗಿ ಹೊಡೆದಾಗ ಹಿಡಿತ ಇನ್ನೂ ಸಡಿಲಿಸಿ, ಪ್ಯಾಡಲ್ಲನ್ನು ಬೀಸದೆ ಒಡ್ಡಿ ನಿಂತರೆ ವೇಗ ಸತ್ತು ಚೆಂಡು ಕಿಚನ್ನಿಗೆ ಇಳಿಯುತ್ತದೆ. ಇದನ್ನು ‘ರಿಸೆಟ್’ ಎನ್ನುತ್ತಾರೆ. ಈ ಒಂದು ಹೊಡೆತ ಕಲಿತವರಿಗೆ ದಪ್ಪ ತಿರುಳಿನ ಬೆಲೆ ತಿಳಿಯುತ್ತದೆ. ಥರ್ಮೋಫಾರ್ಮ್ ಪ್ಯಾಡಲ್ ಬದಲಾಯಿಸಿಕೊಂಡ ಮೊದಲ ವಾರ ಎಲ್ಲರ ರಿಸೆಟ್ಟೂ ಎತ್ತರ ಏಳುತ್ತದೆ. ಕೈ ಒಗ್ಗಲು ಸಮಯ ಕೊಡಬೇಕು.

ಪ್ಯಾಡಲ್ ಕೈಯಲ್ಲಿ ಹೊರಳುತ್ತಿದ್ದರೆ ಸೀಸದ ಅಥವಾ ಟಂಗ್‌ಸ್ಟನ್ ಪಟ್ಟಿ ಅಂಟಿಸುವ ರೂಢಿಯಿದೆ. ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಎರಡೆರಡು ಗ್ರಾಂ ಹಾಕಿ ನೋಡಿ, ಹೊರಳುವುದು ಕಡಿಮೆಯಾಗುತ್ತದೆ. ಹನ್ನೆರಡರ ಜಾಗದಲ್ಲಿ ಹಾಕಿದರೆ ಹೊಡೆತಕ್ಕೆ ಬಲ ಬರುತ್ತದೆ, ಕೈ ನಿಧಾನವಾಗುತ್ತದೆ.

ಭಾರತದಲ್ಲಿ

ಕೆನಡಾದಲ್ಲಿ ಈ ಆಟ ಕಂಡ ಸುನಿಲ್ ವಲವಾಲ್ಕರ್ ಅದನ್ನು ಮುಂಬಯಿಗೆ ತಂದರು; ಅಖಿಲ ಭಾರತ ಪಿಕಲ್‌ಬಾಲ್ ಸಂಘ 2008ರಲ್ಲಿ ಹುಟ್ಟಿತು. 2025ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್ ಎಂಬ ಮತ್ತೊಂದು ಸಂಸ್ಥೆಗೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಮಾನ್ಯತೆ ನೀಡಿತು. ಅದೇ ವರ್ಷ ಮುಂಬಯಿಯಲ್ಲಿ ನಡೆದ ವರ್ಲ್ಡ್ ಪಿಕಲ್‌ಬಾಲ್ ಲೀಗ್‌ನ ಮೊದಲ ಆವೃತ್ತಿಯಲ್ಲಿ ಬೆಂಗಳೂರು ಜವಾನ್ಸ್ ತಂಡ ಆಡಿತು. ಬೆಂಗಳೂರಿನಲ್ಲಿ ಈಗ ಖಾಲಿ ಸೈಟು, ಕಟ್ಟಡದ ತಾರಸಿಗಳ ಮೇಲೆಲ್ಲ ಅಂಕಣಗಳು ಎದ್ದಿವೆ. ಮನೆಗಳ ನಡುವೆ ಆಡುವಾಗ ಸದ್ದಿನ ಮಾತು ಮುಖ್ಯ. ಅಮೆರಿಕದ ಹಲವು ವಸತಿ ಬಡಾವಣೆಗಳಲ್ಲಿ ಪ್ಯಾಡಲ್ಲಿನ ‘ಟಪ್’ ಸದ್ದಿಗೆ ನೆರೆಹೊರೆ ದೂರು ಕೊಟ್ಟು, ಸದ್ದು ಕಡಿಮೆಯ ಪ್ಯಾಡಲ್‌ಗಳನ್ನೇ ಬಳಸಬೇಕೆಂಬ ಕಟ್ಟಳೆ ಬಂದಿದೆ. ಅಪಾರ್ಟ್‌ಮೆಂಟಿನ ಅಂಕಣಕ್ಕೆ ದಪ್ಪ, ಮೆತ್ತನೆಯ ತಿರುಳು ಆರಿಸುವುದು ನೆರೆಯವರಿಗೆ ತೋರುವ ಮರ್ಯಾದೆಯೂ ಹೌದು.

ಬಾಳಿಕೆ

ಆಡುತ್ತ ಆಡುತ್ತ ಮುಖದ ಮೇಲೆ ಚೆಂಡಿನ ಬಣ್ಣದ ಪುಡಿ ಕೂರುತ್ತದೆ. ಇದಕ್ಕೆಂದೇ ಸಿಗುವ ರಬ್ಬರ್ ತುಂಡಿನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಏಣುಗಳ ಸಂದಿ ಶುದ್ಧವಾಗಿ ತಿರುಗು ಮರಳುತ್ತದೆ. ಸವೆದ ಏಣನ್ನು ಮಾತ್ರ ಮರಳಿಸಲಾಗದು. ದಿನವೂ ಆಡುವವರ ರಾ ಕಾರ್ಬನ್ ಮುಖ ಕೆಲವೇ ತಿಂಗಳಲ್ಲಿ ನಡುಭಾಗದಲ್ಲಿ ಹೊಳಪೇರುತ್ತದೆ. ಉಗುರು ಎಳೆದರೆ ‘ಜರ್’ ಸದ್ದಿಲ್ಲ. ಸವಕಳಿ ತಡೆಯಲೆಂದು ಮುಖಕ್ಕೆ ಬೇರೆ ಗಟ್ಟಿ ಲೇಪ ಕೊಡುವ ಪ್ರಯತ್ನಗಳು ಈಚೆಗೆ ನಡೆದಿವೆ.

ಬೇಸಿಗೆಯ ಮಧ್ಯಾಹ್ನ ನಿಂತ ಕಾರಿನೊಳಗೆ ಪ್ಯಾಡಲ್ ಬಿಡಬಾರದು. ಪಾಲಿಪ್ರೊಪಿಲೀನ್ ತಿರುಳೂ ಅಂಟೂ ಶಾಖಕ್ಕೆ ಮೆತ್ತಗಾಗುತ್ತವೆ. ಗ್ರಿಪ್ಪಿನ ಸುತ್ತು ಬೆವರು ಕುಡಿದು ಜಾರತೊಡಗಿದಾಗ ಬದಲಿಸಬೇಕು. ಅಂಚಿನ ಪಟ್ಟಿ ನೆಲಕ್ಕೆ ಉಜ್ಜಿ ಹರಿದರೆ ಟೇಪು ಸುತ್ತಿದರಾಯಿತು, ಅದಕ್ಕೆ ನಿಯಮದಲ್ಲಿ ಅವಕಾಶವಿದೆ. ಆಟದ ನಡುವೆ ಪ್ಯಾಡಲ್ ಇದ್ದಕ್ಕಿದ್ದಂತೆ ಜೋರಾಗಿ ಚಿಮ್ಮತೊಡಗಿದರೆ ಖುಷಿಪಡದೆ ಗೆಣ್ಣಿನಿಂದ ತಟ್ಟಿ ನೋಡಬೇಕು. ಹಾಳೆ ಬಿಟ್ಟಿದ್ದರೆ ಅದನ್ನು ಅಂಕಣಕ್ಕೆ ಒಯ್ಯಬಾರದು.

ಎಪಾಕ್ಸಿಯಲ್ಲಿ ಬೆಸೆದ ಕಾರ್ಬನ್ನನ್ನು ಕರಗಿಸಿ ಮತ್ತೆ ಎರಕ ಹೊಯ್ಯಲು ಆಗದು; ಒಡೆದ ಪ್ಯಾಡಲ್ ಕೊನೆಗೆ ಕಸವೇ. ಆದರೆ ತಿರುಳು ಗಟ್ಟಿಯಾಗಿದ್ದು ಏಣು ಮಾತ್ರ ಸವೆದ ಪ್ಯಾಡಲ್ಲನ್ನು ಎಸೆಯಬೇಕಿಲ್ಲ. ಕಲಿಯಲು ಬಂದ ಮಗುವಿಗೋ, ನಿವೃತ್ತಿಯ ನಂತರ ಮೊದಲ ಸಲ ಅಂಕಣಕ್ಕಿಳಿದ ಪಕ್ಕದ ಮನೆಯವರಿಗೋ ತಿರುಗಿನ ಅಗತ್ಯ ಇನ್ನೂ ಬಂದಿರುವುದಿಲ್ಲ. ಹೊಸ ಗ್ರಿಪ್ ಸುತ್ತಿ ಅವರ ಕೈಗೆ ಕೊಟ್ಟರೆ ಅದು ಇನ್ನೂ ಎರಡು ವರ್ಷ ಆಡಿಸುತ್ತದೆ.